ಕತ್ತರಿಯಕ್ಕನ ಮಗಳ ಕೂದಲು

ಬೀದಿಯ ತಿರುವಿನಲ್ಲಿ ಎರಡೇ ಕುರ್ಚಿಗಳ ಒಂದು ಪುಟ್ಟ ಅಂಗಡಿ. ಹೆಂಗಸರು, ಮಕ್ಕಳ ಕೂದಲು ಕತ್ತರಿಸುವುದು ಅಲ್ಲಿಯ ಕೆಲಸ. ಅದನ್ನು ನಡೆಸುವವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಾರೆ. ಅಳುವ ಮಕ್ಕಳನ್ನು ಮಾತಿನಲ್ಲೇ ಮರುಳು ಮಾಡಿ, ಅವು ಅಳು ನಿಲ್ಲಿಸುವಷ್ಟರಲ್ಲಿ ಕೆಲಸ ಮುಗಿಸಿಬಿಡುವ ಕೈ ಅವಳದು. ಆದರೆ ಆ ಬೀದಿಯಲ್ಲಿ ಅತಿ ಸೊಟ್ಟ ಕೂದಲು ಯಾರದ್ದೆಂದು ಕೇಳಿದರೆ ಎಲ್ಲರೂ ಬೆರಳು ಮಾಡುತ್ತಿದ್ದದ್ದು ಅವಳ ಸ್ವಂತ ಮಗಳ ಕಡೆಗೇ. ಎಡಗಡೆ ನೀನು ಕತ್ತರಿಸಿದ್ದು, ಬಲಗಡೆ ಕತ್ತರಿಸಿದ್ದು ಇಲಿಯೇ ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು.

ಆ ಹುಡುಗಿಗೆ ಒಂಬತ್ತು ವರ್ಷ. ಮನೆಯಲ್ಲಿ ಕರೆಯುವುದು ಬುಗುರಿ ಎಂದು. ಹೆಸರಿಟ್ಟವರನ್ನು ಮೆಚ್ಚಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕುರ್ಚಿಯ ಮೇಲೆ ಕೂರಿಸಿ ಎರಡು ಸಲ ಕತ್ತರಿ ಆಡಿಸುವಷ್ಟರಲ್ಲಿ ಅವಳು ಬಾಗಿಲಾಚೆ. ಶಾಲೆಯಲ್ಲೂ ಅದೇ ಗೋಳು. ಪಾಠದ ಮೊದಲ ಸಾಲು ಓದಿದರೆ ಕೊನೆಯ ಸಾಲಿಗೆ ಜಿಗಿತ. ತುಂಟತನವಲ್ಲ, ಹಟವೂ ಅಲ್ಲ. ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಅತ್ತಳು. "ಅಕ್ಷರ ನಿಲ್ಲೋದೇ ಇಲ್ಲಮ್ಮ. ನಾನು ಹಿಡಿಯೋದ್ರೊಳಗೆ ಓಡಿಹೋಗ್ತವೆ."

ಮಕ್ಕಳ ಡಾಕ್ಟರು ಸಮಾಧಾನದ ಮನುಷ್ಯ. ಗಮನ ನಿಲ್ಲದ ಈ ತೊಂದರೆಗೆ ಮಾತ್ರೆಯಿದೆ, ಬೆಳಿಗ್ಗೆ ಒಂದು ಸಾಕು ಎಂದರು. ಹಸಿವು ಕಡಿಮೆಯಾಗಬಹುದು, ನಾಡಿ ತುಸು ಜೋರಾಗಬಹುದು, ಬಹುತೇಕ ಮಕ್ಕಳಿಗೆ ಅದರಿಂದ ಅಪಾಯವಿಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ ಕೇಳಿದರು: "ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದಾರಾ? ಇದ್ರೆ ಮೊದಲು ಹೃದಯ ಪರೀಕ್ಷೆ ಮಾಡ್ಬೇಕು."

ಇಲ್ಲ ಎಂದಳು ಕತ್ತರಿಯಕ್ಕ. ಅವಳ ಮಟ್ಟಿಗೆ ಅದು ಸುಳ್ಳಲ್ಲ. ಅವಳಿಗೊಬ್ಬ ಅಣ್ಣನಿದ್ದ, ಹರೆಯದಲ್ಲೇ ಹೋದದ್ದು ನಿಜ. ಆದರೆ ಅವನು ನದಿಯಲ್ಲಿ ಮುಳುಗಿ ಸತ್ತವನು. ಅದು ನೀರಿನ ತಪ್ಪು, ಹೃದಯಕ್ಕೂ ಅದಕ್ಕೂ ಏನು ಸಂಬಂಧ? ಅವನನ್ನು ನೀರು ನುಂಗಿತೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಅಮ್ಮ ಅಂದಿನಿಂದ ತುಂಬಿದ ಬಕೆಟ್ಟನ್ನೂ ಅನುಮಾನದಿಂದ ನೋಡುವವಳು. ಬುಗುರಿಯ ಶಾಲೆಯಲ್ಲಿ ಈಜುಕೊಳವಿತ್ತು. ಅಜ್ಜಿಯ ಅಪ್ಪಣೆಯಂತೆ, ಉಳಿದ ಮಕ್ಕಳೆಲ್ಲ ನೀರಿಗೆ ಬಿದ್ದು ಕೇಕೆ ಹಾಕುವಾಗ, ಇಡೀ ಶಾಲೆಯಲ್ಲಿ ಕೂರಲಾರದ ಒಂದೇ ಒಂದು ಮಗು ಬೆಂಚಿನ ಮೇಲೆ ಕೂರಬೇಕಿತ್ತು.

ಮಾತ್ರೆ ಹಿಡಿಯಿತು. ಹೇಗೆ ಹಿಡಿಯಿತೆಂದರೆ, ಆ ತಿಂಗಳಲ್ಲೇ ಬುಗುರಿ ಒಂದು ಕಥೆಪುಸ್ತಕವನ್ನು ಪೂರ್ತಿ ಓದಿ, ಮಧ್ಯದಲ್ಲಿ ಏನಾಯಿತೆಂಬುದನ್ನೂ ಹೇಳಿದಳು. ಸಹಪಾಠಿಯೊಬ್ಬಳು ಮೊದಲ ಬಾರಿಗೆ ಅವಳನ್ನು ಮನೆಗೆ ಕರೆದಳು. ಒಂದು ರಜೆಯ ದಿನ ತಾನಾಗಿಯೇ ಅಂಗಡಿಯ ಕುರ್ಚಿ ಹತ್ತಿ, "ಇವತ್ತು ಕತ್ತರಿಸಮ್ಮ, ನಾನು ಕೂರ್ತೀನಿ" ಎಂದಳು.

ಕೂತಳು. ಕತ್ತರಿಯಕ್ಕ ಉಸಿರು ಬಿಗಿಹಿಡಿದು ಕತ್ತರಿಸಿದಳು. ಗೆರೆ ಎಳೆದಂತೆ ನೇರವಾಗಿ ಬಂತು. ಅವಳ ಕಣ್ಣು ತುಂಬಿತು. ಕುತ್ತಿಗೆಗೆ ಅಂಟಿದ್ದ ಚೂರು ಕೂದಲನ್ನು ಒರೆಸಲು ಬ್ರಷ್ ಎತ್ತಿಕೊಂಡಾಗ ಅವಳ ಬೆರಳು ಮಗಳ ದವಡೆಯ ಕೆಳಗೆ ತಾಗಿತು. ಸುಮ್ಮನೆ ಕೂತ ಮಗುವಿನ ಕತ್ತಿನಲ್ಲಿ ಓಡುವ ಮಗುವಿನ ನಾಡಿ ಬಡಿಯುತ್ತಿತ್ತು. ಡಾಕ್ಟರು ಹೇಳಿದ್ದೇ ಅಲ್ಲವೇ ಎಂದುಕೊಂಡಳು. ಆದರೆ ಆ ಚೂರು ಕೂದಲನ್ನು ನೋಡುತ್ತ ನೋಡುತ್ತ ಅವಳಿಗೆ ಇನ್ನೊಂದು ಕುತ್ತಿಗೆ ನೆನಪಾಯಿತು.

ಅವಳು ಕತ್ತರಿ ಹಿಡಿಯಲು ಕಲಿತದ್ದು ಅಣ್ಣನ ತಲೆಯ ಮೇಲೆ. ಅವನು ಸತ್ತ ದಿನ ಬೆಳಿಗ್ಗೆಯೂ ಅವಳೇ ಕತ್ತರಿಸಿದ್ದಳು. ಈಜಲು ಹೋಗುವ ಅವಸರದಲ್ಲಿ ಅವನು ಮೈ ಕೊಡವಿಕೊಳ್ಳದೆ ಎದ್ದುಹೋಗಿದ್ದ. ಮಧ್ಯಾಹ್ನ ಅವನ ಹೆಣವನ್ನು ಹಜಾರದಲ್ಲಿ ಮಲಗಿಸಿದ್ದಾಗ ಅವಳು ತಲೆ ಬಾಚಲು ಹೋದಳು. ಬೆಳಗಿನ ಬೈತಲೆ ಹಾಗೇ ಇತ್ತು. ಕುತ್ತಿಗೆಯ ಹಿಂದೆ ಚೂರು ಕೂದಲು ಹಾಗೇ ಅಂಟಿಕೊಂಡಿತ್ತು. ನದಿಯಲ್ಲಿ ಮುಳುಗಿದವನ ಕುತ್ತಿಗೆಯಲ್ಲಿ! ಅಂದು ಹದಿನಾಲ್ಕರ ಹುಡುಗಿ ಅಳುತ್ತಲೇ ಅದನ್ನು ಒರೆಸಿ, ಮರೆತುಬಿಟ್ಟಿದ್ದಳು.

ಗಂಡನಿಗೆ ಹೇಳಿದರೆ, ಈಗ ತಾನೇ ಮಗು ಒಂದು ದಾರಿಗೆ ಬಂದಿದೆ, ಹಳೆಯದನ್ನು ಕೆದಕಬೇಡ ಎಂದ. ಅವಳಿಗೂ ಒಳಗೊಳಗೆ ಅದೇ ಬೇಕಿತ್ತು. ಡಾಕ್ಟರಿಗೆ ಹೇಳಿದರೆ ಮಾತ್ರೆ ನಿಲ್ಲುತ್ತದೆ. ಹೇಳದಿದ್ದರೆ ಮಗು ಓದುತ್ತದೆ, ಗೆಳತಿಯರಿರುತ್ತಾರೆ, ಆದರೆ ಒಂದು ದಿನ? ಕೆಲವು ದಿನ ಹಾಗೇ ಬಾಯಿ ಹೊಲಿದುಕೊಂಡು, ಮಾತ್ರೆ ಕೊಟ್ಟು, ಮಗಳ ಕತ್ತು ಮುಟ್ಟಿ ನೋಡುತ್ತ ಕಳೆದಳು. ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಅಮ್ಮನ ಮನೆಗೆ ಹೋದಳು. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಣ್ಣನ ಕುತ್ತಿಗೆಯ ಕೂದಲಿನ ವಿಷಯ ಕೇಳಿದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಮಡಚುತ್ತಲೇ ಇತ್ತು.

"ಅವನು ನೀರಿಗೆ ಇಳಿಯಲೇ ಇಲ್ಲ," ಎಂದಳು. "ದಡದಲ್ಲಿ ಓಡ್ತಾ ಓಡ್ತಾ ಬಿದ್ದ. ಎದೆ ನಿಂತೋಯ್ತು ಅಂದ್ರು. ನಿಮ್ಮಪ್ಪನೇ ಹೇಳಿದ್ದು, ನೀರು ಅಂತ ಹೇಳು ಅಂತ. ಎದೆ ರೋಗದ ಮನೆ ಅಂತಾದ್ರೆ ನಾಳೆ ನಿನ್ನನ್ನ ಯಾರು ಮದುವೆ ಆಗ್ತಿದ್ರು?"

"ಮತ್ತೆ ನೀರಿಗೆ ಯಾಕಮ್ಮ ಇಷ್ಟು ಹೆದರಿದೆ?"

"ಹೇಳಿ ಹೇಳಿ ನನಗೂ ನೀರೇ ಕಾಣೋಕೆ ಶುರುವಾಯ್ತು ಮಗಳೇ."

ಕತ್ತರಿಯಕ್ಕನಿಗೆ ಕೋಪ ಬಂತು. ಆದರೆ ಅದನ್ನು ಯಾರ ಮೇಲೆ ಹಾಕುವುದು? ಸುಳ್ಳು ಹೇಳಿದ್ದು ಅವಳಿಗಾಗಿ. ಆ ಸುಳ್ಳಿನ ಮೇಲೆಯೇ ಅವಳ ಮದುವೆ, ಅವಳ ಮನೆ, ಆ ಮಗು ಕೂಡ. ಅಮ್ಮನ ಪಕ್ಕ ಕೂತು ಉಳಿದ ಬಟ್ಟೆ ಮಡಚಿದಳು.

ಅವಳು ಹೋಗಿ ಎಲ್ಲ ಹೇಳಿದಾಗ ಡಾಕ್ಟರು ಬೈಯಲಿಲ್ಲ. ಅಂದೇ ಮಾತ್ರೆ ನಿಲ್ಲಿಸಿ ಹೃದಯದ ತಜ್ಞರ ಬಳಿ ಕಳಿಸಿದರು. ಅಲ್ಲಿ ಇಬ್ಬರ ಎದೆಗೂ ತಂತಿ ಅಂಟಿಸಿ ತೆಗೆದ ಗೆರೆಗಳಲ್ಲಿ ದೋಷವಿತ್ತು. ಬಡಿತದ ಲಯ ತಪ್ಪಬಹುದಾದ, ಹುಟ್ಟಿನಿಂದ ಬಂದ ದೋಷ, ಮಗಳಲ್ಲೂ ತಾಯಿಯಲ್ಲೂ. ಇಬ್ಬರಿಗೂ ಬೇರೆ ಮಾತ್ರೆ ಬರೆದರು. ಆ ಹಳೆಯ ಮಾತ್ರೆ ಈ ಮಗುವಿಗೆ ಬೇಡ, ಗಮನಕ್ಕೆ ಬೇರೆ ದಾರಿ ನಿಧಾನವಾಗಿ ಹುಡುಕೋಣ ಎಂದರು. ಸದ್ಯಕ್ಕೆ ಓಟವೂ ಬೇಡ, ಈಜೂ ಬೇಡ. ಅಜ್ಜಿಯ ಬೆಂಚೇ ಗತಿಯಾಯಿತು.

"ನಾನು ಸರಿಯಾಗೇ ನುಂಗ್ತಿದ್ನಲ್ಲಮ್ಮ, ಯಾಕೆ ನಿಲ್ಸಿದ್ರಿ?" ಎಂದು ಬುಗುರಿ ಕೇಳಿದಳು. ಎರಡನೆಯ ಕಥೆಪುಸ್ತಕ ಅರ್ಧಕ್ಕೆ ನಿಂತಿತ್ತು. ಅದನ್ನು ನಾನು ಓದಿ ಹೇಳುತ್ತೇನೆಂದು ತಾಯಿ ಅಂದರೆ, ಮಗಳು ತಾನೇ ಓದಬೇಕೆಂದು ಅತ್ತಳು.

ಕೂದಲು ಬೆಳೆಯಿತು. ಮತ್ತೆ ಕುರ್ಚಿ ಹತ್ತಿದ ಬುಗುರಿ ಎರಡು ಕೈಯಿಂದಲೂ ಹಿಡಿಕೆಗಳನ್ನು ಅವುಚಿ ಹಿಡಿದು, ಹಲ್ಲು ಕಚ್ಚಿ ಕೂತಳು. ಪಾಪ, ಎಷ್ಟು ಪ್ರಯತ್ನಪಟ್ಟಳು! ಎಡಗಡೆ ಮುಗಿಯುವಷ್ಟರಲ್ಲಿ ಕಾಲು ಕುಣಿಯತೊಡಗಿತು. ಬಲಗಡೆ ಸೊಟ್ಟಗಾಯಿತು. ಕತ್ತರಿಯಕ್ಕ ಕುತ್ತಿಗೆಯ ಚೂರು ಕೂದಲನ್ನೆಲ್ಲ ಒಂದೂ ಬಿಡದೆ ಒರೆಸಿದಳು. ಒರೆಸಿ ಮುಗಿದ ಮೇಲೂ ಬೆರಳು ತೆಗೆಯಲಿಲ್ಲ.

"ಆಯ್ತಾಮ್ಮ? ಹೋಗ್ಲಾ?"

"ಹೋಗು. ಓಡ್ಬೇಡ."

ಆ ಮಾತು ಮುಗಿಯುವ ಹೊತ್ತಿಗೆ ಬುಗುರಿ ಬೀದಿಯ ತುದಿ ಮುಟ್ಟಿದ್ದಳು.