ಕೂಡಿದರೆ ಒಂದಾಗಬೇಕಿತ್ತು

ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ನಾಲ್ಕೇ ದಿನ ಉಳಿದಿದ್ದಾಗ ಪ್ರಮೋದಾಳಿಗೆ ತನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ತಪ್ಪಿದೆಯೆಂದು ಗೊತ್ತಾಯಿತು.

ದೊಡ್ಡಬಳ್ಳಾಪುರದ ಪಿಯು ಕಾಲೇಜೊಂದರಲ್ಲಿ ಅವಳು ಭೌತಶಾಸ್ತ್ರದ ಉಪನ್ಯಾಸಕಿ. ತೂಬಗೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಶನಿವಾರ ಪಾಠ ಮುಗಿಸಿ ರೈಲು ಹತ್ತಿ ಬೆಂಗಳೂರಿಗೆ, ಮಾರ್ಗದರ್ಶಕ ಕಾಂತರಾಜು ಅವರ ಬಳಿಗೆ. ಹೀಗೆ ಒಂಬತ್ತು ವರ್ಷ. ವಿಷಯ ಕ್ವಾಂಟಮ್ ಕ್ಷೇತ್ರ ಸಿದ್ಧಾಂತ. ಕಣವೊಂದು ಒಡೆದು ಎರಡಾಗುವ ಸಂಭವವನ್ನು ಲೆಕ್ಕ ಹಾಕುವಾಗ ಪುಸ್ತಕಗಳು ಸಾಮಾನ್ಯವಾಗಿ ಕಾಲಕ್ಕೆ ಮೊದಲು ಕೊನೆಯಿಲ್ಲ, ಜಾಗಕ್ಕೆ ಗೋಡೆಯಿಲ್ಲ ಎಂದೇ ಹಿಡಿಯುತ್ತವೆ. ಕಣವನ್ನು ಸಣ್ಣ ಪೆಟ್ಟಿಗೆಯಲ್ಲಿ ಕೂಡಿಹಾಕಿ ಒಂದು ಗಳಿಗೆ ಮಾತ್ರ ಗಮನಿಸಿದರೆ ಏನಾಗುತ್ತದೆ ಎಂಬುದು ಪ್ರಮೋದಾಳ ಪ್ರಶ್ನೆ. ಮೊದಲು ದೊಡ್ಡ ಪರಿಣಾಮ, ಆಮೇಲೆ ಸಣ್ಣ ತಿದ್ದುಪಡಿ, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಒಂದೊಂದೇ ಸೇರಿಸುತ್ತ ಹೋಗುವುದು ಅವಳ ದಾರಿ.

ಆ ಭಾನುವಾರ ಬೆಳಿಗ್ಗೆ, ಕಣ ಹಾಗೇ ಉಳಿಯುವ ಸಂಭವವನ್ನೂ ಒಡೆಯುವ ಸಂಭವವನ್ನೂ ಸುಮ್ಮನೆ ಕೂಡಿ ನೋಡಿದಳು. ಎರಡರಲ್ಲೊಂದು ಆಗಲೇಬೇಕಾದ್ದರಿಂದ ಮೊತ್ತ ಒಂದು ಬರಬೇಕು. ಒಂದಕ್ಕಿಂತ ಹೆಚ್ಚು ಬಂತು. ಮತ್ತೆ ಕೂಡಿದಳು. ಮತ್ತೆಯೂ ಅಷ್ಟೇ ಬಂತು.

“ತಿನ್ನಮ್ಮಿ, ಆರೋಗ್ತೈತೆ,” ಎಂದು ತಾಯಿ ಅಂಜಿನಮ್ಮ ತಟ್ಟೆ ಇಟ್ಟು ಹೋದದ್ದೂ ತಿಳಿಯಲಿಲ್ಲ.

ಸೋಮವಾರ ಕಾಲೇಜಿನಲ್ಲಿ ಆ ಲೆಕ್ಕದ ಹಾಳೆಗಳನ್ನು ಗಣಿತದ ಹಿರಿಯ ಉಪನ್ಯಾಸಕ ಮಸ್ತಾನ್ ಅವರ ಮುಂದಿಟ್ಟು ತರಗತಿಗೆ ಹೋದಳು. ಅಲ್ಲಿ ಬೋರ್ಡಿನ ಮೇಲೆ ಎರಡು ಸಲ ತಪ್ಪು ಬರೆದಳು. ವಾಪಸು ಬಂದಾಗ ಮಸ್ತಾನ್ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.

“ಶುರುವಿನ ಗಳಿಗೆ, ಕೊನೇ ಗಳಿಗೆ, ಇವೆರಡರಿಂದ ಸಮೀಕರಣಕ್ಕೆ ಬರೋ ಪದ ಯಾಕೆ ಬಿಟ್ರಿ ಮೇಡಂ?”

“ಕಾಲ ದೀರ್ಘ ಆದ್ರೆ ಅದು ಲೆಕ್ಕಕ್ಕೇ ಬರಲ್ಲ ಸರ್...” ಎಂದವಳು ಮಾತನ್ನು ಅಲ್ಲೇ ನಿಲ್ಲಿಸಿದಳು. ಅವಳ ಪ್ರಬಂಧದಲ್ಲಿ ಕಾಲ ದೀರ್ಘವೇ ಅಲ್ಲ. ಪುಸ್ತಕದ ಅಭ್ಯಾಸ ಕೈಗೆ ಅಂಟಿಕೊಂಡಿತ್ತು.

ವಿಷಯ ತಿಳಿಸಿದಾಗ ಕಾಂತರಾಜು ಫೋನಿನಲ್ಲಿ, “ಈಗ ಬಾಯಿ ಬಿಡ್ಬೇಡಮ್ಮ. ಕೇಳಿದ್ರೆ ನೋಡ್ಕೊಳ್ಳೋಣ,” ಎಂದರು. ಯಾರೂ ಕೇಳದೇ ಹೋದರೆ, ತಪ್ಪು ಹಾಗೇ ಉಳಿದುಬಿಟ್ಟರೆ? ಆ ಯೋಚನೆಯೇ ಅವಳನ್ನು ಹೆಚ್ಚು ಹೆದರಿಸಿತು.

ಗುರುವಾರ ಮೌಖಿಕ ಪರೀಕ್ಷೆಯಲ್ಲಿ ಮಾತು ಮೂರನೇ ಅಧ್ಯಾಯಕ್ಕೆ ಬಂದಾಗ ಅವಳೇ ಹೇಳಿದಳು: “ಈ ಫಲಿತಾಂಶ ತಪ್ಪು. ಒಂದು ಪದ ಬಿಟ್ಟಿದ್ದೀನಿ.”

ಕಾಂತರಾಜು ತಲೆ ತಗ್ಗಿಸಿದರು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಕನ್ನಡಕ ತೆಗೆದರು. “ಸೇರಿಸಿದ್ರೆ ಎಷ್ಟು ಬದಲಾಗುತ್ತೆ?”

“ಗೊತ್ತಿಲ್ಲ ಮೇಡಂ. ಇನ್ನೂ ಪೂರ್ತಿ ಮಾಡಿ ನೋಡಿಲ್ಲ.”

“ಹಾಗಾದ್ರೆ ಮಾಡ್ಕೊಂಡು ಬನ್ನಿ.”

ಅಂದು ಪದವಿ ಸಿಗಲಿಲ್ಲ. ಮತ್ತೆ ಏಳು ತಿಂಗಳು ಶನಿವಾರದ ರೈಲು. ಕಾಂತರಾಜು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು. ಅದು ಮುಗಿದೊಡನೆ ಅವಳು ಎದ್ದು ಬರುತ್ತಿದ್ದಳು. ಬಿಟ್ಟ ಪದ ಸೇರಿದ ಮೇಲೆ ಮೊತ್ತ ಸರಿಯಾಯಿತು. ಆದರೆ ಪೆಟ್ಟಿಗೆಯೊಳಗಿನ ಕಣ ಬಹಳ ಬೇಗ ಒಡೆಯುತ್ತದೆಂದು ಅವಳು ಹೆಮ್ಮೆಯಿಂದ ಬರೆದಿದ್ದಳು; ಆ ವೇಗ ಅರ್ಧಕ್ಕರ್ಧ ಇಳಿದುಹೋಯಿತು. ಇದ್ದದ್ದನ್ನು ಇದ್ದ ಹಾಗೇ ಬರೆದಳು.

ಹೊಸ ಅಧ್ಯಾಯವನ್ನು ಕಾಂತರಾಜು ಎರಡು ಸಲ ಓದಿ ಸಹಿ ಹಾಕಿದರು. ಅವಳು ಏಳುವಷ್ಟರಲ್ಲಿ, “ಕೂತ್ಕೊಳಮ್ಮ, ಟೀ ತರಿಸ್ತೀನಿ,” ಎಂದರು.