ಮಣ್ಣಿನ ಹೊತ್ತು ಹೇಳುತ್ತಿದ್ದ ರೇಡಿಯೋ

ನಮ್ಮಣ್ಣ ತೀರಿಕೊಂಡ ಸುದ್ದಿಯನ್ನು ಪಕ್ಕದೂರಿನ ನಿಂಗೇಗೌಡರಿಗೆ ದಾರಿಯಲ್ಲಿ ಯಾರೋ ಹೇಳಿದರಂತೆ. ಅವರು ನಂಬಲಿಲ್ಲ.

"ಸುಮ್ಕಿರ್ಲಾ ಕಂಡಿದ್ದೀನಿ! ಸತ್ತಿದ್ರೆ ರೇಡಿಯೋದಲ್ಲಿ ಅವ್ನೇ ಏಳ್ತಿರ್ನಿಲ್ವಾ?" ಎಂದು ಗದರಿಸಿ, ಕಬ್ಬಿಗೆ ನೀರು ಕಟ್ಟಲು ಹೊರಟರಂತೆ.

ನಗು ಬಂತೇ? ನಗಿ. ಕೇಳಿದಾಗ ನನಗೂ ಒಂದು ಕ್ಷಣ ಬಂತು. ಆಮೇಲೆ ಬರಲಿಲ್ಲ.

ಕೆಲವು ವಾರ ಈ ಅಂಕಣ ಯಾಕೆ ಕಾಣಲಿಲ್ಲ ಎಂದು ಕೇಳಿದ್ದೀರಿ. ಇದೇ ಕಾರಣ.

ಅಣ್ಣನ ಹೆಸರು ಸಿದ್ದರಾಜು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಅಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವುದು ಅವನ ಕಸುಬು. ಮಿಕ್ಕಿದ ತಾಮ್ರದ ತಂತಿಯಲ್ಲಿ ಕಾಯಿಲ್ ಸುತ್ತಿ, ಒಂದು ಟಿನ್ ಡಬ್ಬಿಯೊಳಗೆ ಪುಟ್ಟ ಎಫ್ಎಂ ಟ್ರಾನ್ಸ್‌ಮಿಟರ್ ಕಟ್ಟಿದ್ದ. ಅಂಗಡಿ ಮೇಲೊಂದು ಏರಿಯಲ್. ಸುತ್ತ ಐದಾರು ಊರಿಗೆ ಕೇಳುತ್ತಿತ್ತು. ಲೈಸೆನ್ಸ್ ಇರಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಹಾಡು ಹಾಕುತ್ತಿರಲಿಲ್ಲ. ಜಾಹೀರಾತು ಇಲ್ಲ. ಸುತ್ತಮುತ್ತ ಯಾರಾದರೂ ತೀರಿಕೊಂಡಿದ್ದರೆ ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಮೈಕ್ ಆನ್. ಇಂಥ ಊರಿನ ಇಂಥವರು ತೀರಿಕೊಂಡಿದ್ದಾರೆ, ಮಣ್ಣು ಮೂರು ಗಂಟೆಗೆ. ಎರಡು ಸಲ ಹೇಳಿ ಆಫ್ ಮಾಡುತ್ತಿದ್ದ. (ಅಂತ್ಯಕ್ರಿಯೆ ಎಂಬುದು ಪೇಪರಿನ ಮಾತು. ನಮ್ಮಲ್ಲಿ ಮಣ್ಣು ಎನ್ನುತ್ತೇವೆ. ಹೋಗಿ ಒಂದು ಹಿಡಿ ಹಾಕದಿದ್ದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ.)

ಈ ಹುಚ್ಚು ಹತ್ತಿದ್ದು ಅಪ್ಪ ಹೋದ ಮಾರನೇ ದಿನ. ಅಪ್ಪನ ಜೊತೆ ಕುಸ್ತಿ ಮಾಡಿ ಬೆಳೆದ ಗೆಳೆಯ, ಎರಡೇ ಮೈಲಿ ದೂರದವರು, ವಿಷಯ ತಿಳಿಯದೆ ಮಾರನೇ ದಿನ ಬಂದು ಅಪ್ಪನನ್ನು ಹೂತ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದರು. ಅಣ್ಣ ಅದನ್ನು ನೋಡಿದ್ದ.

ವಾಟ್ಸಾಪ್ ಇಲ್ಲವೇ ಎನ್ನುತ್ತೀರಿ. ಇದೆಯಲ್ಲ! ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಸಾವು ಬರುತ್ತದೆ. ಸಂಜೆ ನೋಡಿ ಕೈಮುಗಿದ ಚಿತ್ರ ಒತ್ತುತ್ತೇವೆ. ಆದರೆ ಗದ್ದೆಯಲ್ಲಿರುವ ಮುದುಕರ ಕೈಲಿರುವುದು ಕೀಪ್ಯಾಡ್ ಫೋನು. ಅದರಲ್ಲಿ ಎಫ್ಎಂ ಇದೆ. ಹನ್ನೆರಡಾಯಿತೆಂದರೆ ಬದುವಿನ ಮೇಲೆ ಕುಳಿತು ಅದನ್ನು ಹಚ್ಚುತ್ತಿದ್ದರು. ಅಣ್ಣನ ದನಿ ಬಂದರೆ ಸಾವು. ಬರೀ ಸುಯ್ ಎನ್ನುವ ಸದ್ದು ಬಂದರೆ? "ರೇಡಿಯೋ ಸುಮ್ಗದೆ. ಯಾರೂ ಸತ್ತಿಲ್ಲ, ಏಳ್ರಲಾ ಮೇಲಕ್ಕೆ." ಮತ್ತೆ ಕೆಲಸ.

ತೊಂದರೆ ಬಂದದ್ದು ಬಿಸಿಲಿನಿಂದ. ಡಬ್ಬಿ ಕಾದರೆ ಫ್ರೀಕ್ವೆನ್ಸಿ ಜಾರುತ್ತಿತ್ತು. ಜಾರಿ ಹೋಗಿ ಲೈಸೆನ್ಸ್ ಇದ್ದ ಒಂದು ಸ್ಟೇಷನ್ನಿನ ಮೇಲೆ ಕೂರುತ್ತಿತ್ತು. ಅಣ್ಣ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರ ಮೇಲೆ ಡಬ್ಬಿ ಇಟ್ಟು ತಣ್ಣಗಿರಿಸಲು ನೋಡಿದ. ಬೇಸಿಗೆ ಕೇಳಬೇಕಲ್ಲ? ಒಂದು ದಿನ ಬಸ್ಸಿನ ರೇಡಿಯೋದಲ್ಲಿ ಒಡವೆ ಅಂಗಡಿಯ ಜಾಹೀರಾತು. ನಿಮ್ಮ ಮಗಳ ಮದುವೆಯ ಸಂಭ್ರಮಕ್ಕೆ ಎಂದು ಹೆಣ್ಣು ದನಿ ಶುರು ಮಾಡಿತು. "ಮಣ್ಣು ನಾಲ್ಕು ಗಂಟೆಗೆ" ಎಂದು ಅಣ್ಣ ಮುಗಿಸಿದ.

ಬಸ್ಸಿನವರು ನಕ್ಕರು. ಸ್ಟೇಷನ್ನಿನವರು ದೂರು ಕೊಟ್ಟರು. ಕೊಡಬೇಕಾದ್ದೇ. ನಿಯಮ ಪಾಲಿಸಿ ನಡೆಸುವವರ ದನಿಯ ಮೇಲೆ ಇನ್ನೊಬ್ಬ ಬಂದು ಕೂತರೆ ಯಾರು ಸುಮ್ಮನಿರುತ್ತಾರೆ?

ಒಂದು ಮಂಗಳವಾರ ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದರು. ಅಣ್ಣ ಫೋನ್ ಮಾಡಿದ. ನಾನು ಮಂಡ್ಯದ ಆಫೀಸಿಗೆ ರಜೆ ಹಾಕಿ ಓಡಿದೆ. ಅವರೇನೂ ಕೂಗಾಡಲಿಲ್ಲ.

"ಉದ್ದೇಶ ಒಳ್ಳೆಯದೇ ಇರಬಹುದು ಸಿದ್ದರಾಜು. ನಾಳೆ ಇದು ವಿಮಾನದವರ ಮಾತಿಗೆ ಅಡ್ಡ ಬಂದರೆ?"

"ನಮ್ಮೂರ್ಗೆ ಬಸ್ಸೇ ಸರ್ಯಾಗಿ ಬರಾಕಿಲ್ಲ ಸಾ. ಇಮಾನ ಎಲ್ಲಿಂದ ಬತ್ತದೆ?"

ದೊಡ್ಡ ಅಧಿಕಾರಿ ನಕ್ಕರು. ಆದರೂ ಡಬ್ಬಿ ಕೊಡಬೇಕು, ಇನ್ನು ಮುಂದೆ ನಡೆಸುವುದಿಲ್ಲ ಎಂದು ಮುಚ್ಚಳಿಕೆ ಬರೆಯಬೇಕು ಎಂದರು. ಬರೆದವಳು ನಾನು. ಅಣ್ಣ ಸಹಿ ಹಾಕಿದ. ಆಮೇಲೆ ಮೈಕಿನ ಮೇಲೆ ಕೈಯಿಟ್ಟು ಕೇಳಿದ:

"ಒಂದೇ ಸಲ ಏಳ್ಬುಡ್ತೀನಿ ಸಾ. ನಾಳೆಯಿಂದ ರೇಡಿಯೋ ಇರಾಕಿಲ್ಲ ಅಂತ. ಜನ ಕಾಯ್ತರೆ."

ಅಧಿಕಾರಿ ಗಡಿಯಾರ ನೋಡಿದರು. ಬಹುಶಃ ಹೂಂ ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ. "ಬೇಡ ಅಣ್ಣ. ಬರೆದುಕೊಟ್ಟ ಮೇಲೂ ಮಾತಾಡಿದ್ರೆ ಅದೇ ಕೇಸ್ ಆಗುತ್ತೆ."

"ನೀನು ಓದ್ದೋಳು ಕಣಮ್ಮಿ. ನೀನೇಳ್ದಂಗೇ ಆಗ್ಲಿ ಬುಡು."

ಡಬ್ಬಿ ಜೀಪು ಹತ್ತಿತು. ಶನಿವಾರದವರೆಗೆ ಸುತ್ತ ಯಾರೂ ಸಾಯಲಿಲ್ಲ. ಹಾಗಾಗಿ ರೇಡಿಯೋ ನಿಂತಿದ್ದು ಪಕ್ಕದ ಊರುಗಳಿಗೆ ತಿಳಿಯಲೇ ಇಲ್ಲ. ನಮ್ಮೂರಿನವರಿಗೆ ಗೊತ್ತಿತ್ತು. ಹೋಗಿ ಹೇಳುವಂಥ ಸುದ್ದಿ ಎಂದು ಅವರಿಗೆ ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಣ್ಣನಿಗೆ ಎದೆ ಹಿಡಿದುಕೊಂಡಿತು. ಮದ್ದೂರಿನ ಆಸ್ಪತ್ರೆ ಮುಟ್ಟಲಿಲ್ಲ. ನಾಲ್ಕು ಗಂಟೆಗೆ ಮಣ್ಣು ಎಂದು ಹಿರಿಯರು ನಿಶ್ಚಯಿಸಿದರು. ನಂಟರಿಗೆ ಫೋನ್ ಮಾಡಿದೆವು. ಸುತ್ತಲ ಊರಿಗೆ ಯಾರೋ ಹೇಳಿರುತ್ತಾರೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಹನ್ನೆರಡಕ್ಕೆ ಐದೂರಿನ ಬದುಗಳ ಮೇಲೆ ಫೋನುಗಳು ಹೊರಬಂದವು. ಸುಯ್ ಎಂದಿತು. ಯಾರೂ ಸತ್ತಿಲ್ಲ ಎಂದು ಎದ್ದು ಕೆಲಸಕ್ಕೆ ಹೋದರು. ಅಣ್ಣ ಜಗುಲಿಯ ಮೇಲೆ ಮಲಗಿದ್ದ.

ಮಣ್ಣಿಗೆ ಇದ್ದವರು ಮನೆಯವರು, ನಂಟರು, ನಮ್ಮ ಬೀದಿಯವರು. ಅತ್ತಿಗೆ ತಲೆ ಎತ್ತಿ ಸುತ್ತ ನೋಡಿದರು. "ಇಷ್ಟೇ ಜನವೇ ಅಮ್ಮಿ?" ಎಂದರು. ಊರೂರನ್ನು ಮಣ್ಣಿಗೆ ಕರೆದವನ ಹೆಂಡತಿ ಕೇಳಿದ ಪ್ರಶ್ನೆ. ಏನು ಹೇಳಲಿ? ಆ ಒಂದು ಮಾತನ್ನು ತಡೆದವಳು ನಾನೇ ಎಂದೆನೇ? ಇಲ್ಲ. ಇವತ್ತಿನವರೆಗೂ ಹೇಳಿಲ್ಲ. ಅವರು ಪೇಪರ್ ಓದುವುದಿಲ್ಲ ಎಂಬ ಧೈರ್ಯದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ತಿಥಿಗೆ ಕಾರ್ಡ್ ಹಂಚಿದ್ದೆವು. ಐದೂರಿನವರೂ ಬಂದರು. ನಿಂಗೇಗೌಡರು ಅಣ್ಣನ ಫೋಟೋ ಮುಂದೆ ಕುಸಿದು ಕೂತು, "ಒಂದಿಡಿ ಮಣ್ಣ್ ಆಕಾಕಾಗ್ನಿಲ್ವಲ್ಲವ್ವ" ಎಂದು ಗೋಳಾಡಿದರು. ಅವರ ಅಳು ಸುಳ್ಳಲ್ಲ. ಆದರೆ ಪಂಕ್ತಿ ಎದ್ದು ಕೈ ತೊಳೆಯುವ ಹೊತ್ತಿಗೆ ಅವರ ಚಿಂತೆ ಬೇರೆಯಾಗಿತ್ತು.

"ಆ ಡಬ್ಬಿ ವಾಪಸ್ ಕೊಡ್ಸಮ್ಮ. ನೀನು ಗೌರ್ಮೆಂಟ್ ಕೆಲ್ಸ್ದೋಳು. ಇನ್ ನಮ್ ಸಾವ ಯಾರು ಏಳೋರು?"

ಹಿಂದೆ ನಿಂತ ನಾಲ್ಕೈದು ತಲೆಗಳು ಹೌದೆಂದು ಆಡಿದವು.

"ಯಾರಾದ್ರೂ ಸತ್ತರೆ ಪಕ್ಕದೂರಿಗೆ ಒಬ್ಬರು ಹೋಗಿ ಹೇಳಿ ಬನ್ನಿ ಗೌಡ್ರೇ" ಎಂದೆ.

"ಅಯ್, ಎಲ್ಡ್ ಮೈಲಿ! ಈ ಬಿಸ್ಲಲ್ಲಿ ಯಾರಮ್ಮ ನಡ್ಕೊಂಡ್ ಓಯ್ತಾರೆ?"

ಅದೇ ಎರಡು ಮೈಲಿ ನಡೆದು ಅವರೆಲ್ಲ ಅವತ್ತು ಊಟಕ್ಕೆ ಬಂದಿದ್ದರು.