ಗಾದಿ ಹೊಲಿಯುವವನು ಅಂಗಾತ ಮಲಗಿದ್ದು

ಶಹಾಪುರದ ಸುಲ್ತಾನಸಾಬ ಗಾದಿ ಹೊಲಿದು ಹೊಟ್ಟೆ ಹೊರೆಯುವವನು. ಗೋಗಿಯಿಂದ ಕೊಂಕಲ್‌ವರೆಗೆ ಎಷ್ಟೋ ಮದುಮಕ್ಕಳು ಅವನ ಗಾದಿಯ ಮೇಲೆ ಸಂಸಾರ ಹೂಡಿದ್ದಾರೆ. ಅವನು ಮಾತ್ರ ಗಾದಿಯ ಮೇಲೆ ಮೈ ಚಾಚುತ್ತಿರಲಿಲ್ಲ. ಅಪ್ಪ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಅಣ್ಣನೂ ಹಾಗೇ. ಇಬ್ಬರೂ ಗಟ್ಟಿಮುಟ್ಟಾದ ಆಳುಗಳು, ಇಬ್ಬರೂ ಅಂಗಾತ ಮಲಗಿದ್ದರು. ಮಲಗುವುದೇ ಕುತ್ತು ಎಂದು ಸುಲ್ತಾನಸಾಬ ತೀರ್ಮಾನಿಸಿದ. ಅಂದಿನಿಂದ ಅರಳೆಯ ಮೂಟೆಗೆ ಒರಗಿ ಕೂತೇ ನಿದ್ದೆ. ಹೆಂಡತಿ ಚಮನಬೀ ಬೈದೂ ಬೈದೂ ಬಿಟ್ಟಳು.

ಈ ವರ್ಷ ಕೂತಲ್ಲೇ ಎಚ್ಚರ ತಪ್ಪಿ ಬಿದ್ದ. ಅವನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ತಪ್ಪು ಗಾದಿಯದಲ್ಲ, ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಮನೆತನದಲ್ಲೇ ಇಳಿದು ಬಂದಿದೆ. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಹೃದಯದಲ್ಲಿ ತಾಳ ಕೆಡಿಸುವ ಜಾಗವನ್ನು ಸುಡಬೇಕು. ಮಕ್ಕಳನ್ನೂ ತಪಾಸಣೆ ಮಾಡಿಸಬೇಕು.

ಇರುವವಳು ಒಬ್ಬಳೇ ಮಗಳು, ಅಲ್ಮಾಸ. ಸುಡಿಸಿಕೊಳ್ಳಲು ಸುಲ್ತಾನಸಾಬ ಹಿಂಜರಿದರೆ, ತಪಾಸಣೆಗೆ ಅವಳು ಒಲ್ಲೆನೆಂದಳು. "ನನಗೂ ಅದ ಅಂದ್ರ ನಾನೂ ನಿನ್ನಂಗ ಕುಂತು ನಿದ್ದಿ ಮಾಡ್ಬೇಕೇನು? ಗೊತ್ತಾಗೋದೇ ಬ್ಯಾಡ."

ಸುಲ್ತಾನಸಾಬನಿಗೆ ಗೊತ್ತಿತ್ತು: ಈ ಅಂಜಿಕೆ ಕಲಿಸಿದವನು ತಾನೇ. "ನಾ ಸುಡಿಸ್ಕೋತೀನಿ, ನೀ ತೋರಿಸ್ಕೋ," ಎಂದ. ವ್ಯಾಪಾರ ಕುದುರಿತು.

ಸುಡುವ ಕೆಲಸವೇನೋ ಸುಸೂತ್ರವಾಗಿ ಮುಗಿಯಿತು. ಆಮೇಲೆ ನರ್ಸಮ್ಮ ಬಾಂಬು ಹಾಕಿದಳು. "ಸಂಜಿತನಕ ಅಂಗಾತ ಮಲ್ಕೋಬೇಕ್ರಿ. ಕಾಲು ಮಡಚಂಗಿಲ್ಲ, ರಕ್ತ ಸೋರತದ."

"ಕುಂತ್ರ ಆಗಂಗಿಲ್ಲೇನ್ರಿ?"

"ಆಗಂಗಿಲ್ಲ."

ಮಲಗಿದ. ಜೀವ ಬಾಯಿಗೆ ಬಂದಿತ್ತು, ಆದರೂ ಅಲುಗಲಿಲ್ಲ. ಚಮನಬೀ ಆಗಾಗ ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. "ಇನ್ನಾ ಅದೀನಿ, ಕೈ ತಗಿ," ಎನ್ನುತ್ತಿದ್ದ.

ಅಷ್ಟರಲ್ಲಿ ಅಲ್ಮಾಸ ಇಸಿಜಿ ಮಾಡಿಸಿಕೊಂಡು ಬಂದು ಮಂಚದ ಬಳಿ ನಿಂತಳು. "ಅಬ್ಬಾಜಾನ್, ನನಗೂ ಅದ. ಗುಳಿಗಿ ಕೊಡ್ತಾರಂತ, ಬೇಕಾದ್ರ ಹಿಂಗ ಸುಡ್ತಾರಂತ." ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಮಲ್ಕೊಂಡಿ!"

ಎದ್ದು ಮಗಳನ್ನು ತಬ್ಬಿಕೊಳ್ಳಬೇಕೆಂದು ಸುಲ್ತಾನಸಾಬನಿಗೆ ಅನಿಸಿತು. ಏಳುವಂತಿರಲಿಲ್ಲ. ಮಲಗಿದಲ್ಲೇ ಮಂಚ ಅಲುಗುವ ಹಾಗೆ ಅತ್ತ. ನರ್ಸಮ್ಮ ಓಡಿ ಬಂದಳು.

"ಅಳೋದಾದ್ರ ಕಾಲು ಅಲುಗಾಡಿಸದಂಗ ಅಳ್ರಿ!"

ಅಲ್ಮಾಸ ಎರಡೂ ಕೈಯಿಂದ ಅವನ ಮೊಣಕಾಲು ಒತ್ತಿ ಹಿಡಿದಳು. "ಹಿಡದೀನಿ," ಎಂದಳು. "ಈಗ ಅಳು, ಅಬ್ಬಾ."